ಎತ್ತಿಟ್ಟ ರಕ್ತ

ಗೌರವಕ್ಕೂ ಪ್ರೀತಿಗೂ ಎಷ್ಟು ದೂರ ಎಂದು ತಿಳಿಯಬೇಕಾದರೆ ಇಬ್ಬರು ಅಳಿಯಂದಿರು ಒಟ್ಟಿಗಿರುವ ಮನೆಗೆ ಹೋಗಿ ನೋಡಬೇಕು. ಈ ಮನೆಯ ಮಾವ, ದೊಡ್ಡಳಿಯ ಬಂದರೆ ಕುರ್ಚಿಯಿಂದ ಅರ್ಧ ಎದ್ದು, "ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ತೀರಾ?" ಎನ್ನುತ್ತಿದ್ದರು. ಚಿಕ್ಕಳಿಯ ಬಂದರೆ ಪತ್ರಿಕೆಯಿಂದ ಕಣ್ಣು ಕೂಡ ಎತ್ತದೆ, "ಬಂದ್ಯೇನೋ? ಆ ಫ್ಯಾನು ಗೊರಗೊರ ಅಂತಿದೆ, ಸ್ವಲ್ಪ ನೋಡೋ" ಎನ್ನುತ್ತಿದ್ದರು. ನೋಡಿದವರೆಲ್ಲ ದೊಡ್ಡಳಿಯನ ಮರ್ಯಾದೆ ಏನು ಮರ್ಯಾದೆ ಎಂದುಕೊಳ್ಳುತ್ತಿದ್ದರು. ಆದರೆ ಆ ಮರ್ಯಾದೆ ಚಪ್ಪಲಿಯೊಳಗಿನ ಕಲ್ಲಿನಂತೆ ಅವನನ್ನು ಒತ್ತುತ್ತಿತ್ತು.

ಚಿಕ್ಕಳಿಯ ಅಡುಗೆಮನೆಗೆ ನುಗ್ಗಿ ಪಾತ್ರೆಯಿಂದಲೇ ಎತ್ತಿ ತಿನ್ನುತ್ತಿದ್ದ. ಅತ್ತೆ ಸೌಟು ಹಿಡಿದು ಅಟ್ಟಿಸಿಕೊಂಡು ಬಂದು, ಉಸಿರು ಕಟ್ಟುವಷ್ಟು ನಗುತ್ತಿದ್ದರು. ದೊಡ್ಡಳಿಯ ಒಳಗೆ ಬಂದರೆ ನಗು ಅಲ್ಲಿಗೇ ನಿಲ್ಲುತ್ತಿತ್ತು; ಅತ್ತೆ ಸೆರಗು ಸರಿಮಾಡಿಕೊಂಡು, "ಬಡಿಸ್ಲಾ?" ಎಂದು ಕೇಳುತ್ತಿದ್ದರು. ಅವರು ಅವನಿಗೆ ಯಾವತ್ತೂ ಕಡಿಮೆ ಮಾಡಿದವರಲ್ಲ. ಹೊಟ್ಟೆಕಿಚ್ಚು ಹತ್ತಿಕೊಳ್ಳಲು ದೊಡ್ಡ ಕಾರಣವೇ ಬೇಕೆಂದಿಲ್ಲ, ಅತ್ತೆ ನಗು ನಿಲ್ಲಿಸಿದರೂ ಸಾಕು.

ಇಬ್ಬರೂ ಒಂದೇ ಆಫೀಸಿನಲ್ಲಿದ್ದರು. ಮಾವ ಕೇಳಿಕೊಂಡರೆಂದು ಚಿಕ್ಕಳಿಯನಿಗೆ ಅಲ್ಲಿ ಕೆಲಸ ಕೊಡಿಸಿದವನು ದೊಡ್ಡಳಿಯನೇ. ಅವನೇ ತಂಡದ ಮುಖ್ಯಸ್ಥ. ಚಿಕ್ಕಳಿಯ ಬರೆದ ಪ್ರತಿ ಸಾಲನ್ನೂ ಓದಿ ಸರಿ ಎಂದು ಒಪ್ಪಬೇಕಾದವನೂ ಅವನೇ. ಆಸ್ಪತ್ರೆಗಳ ರಕ್ತನಿಧಿಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಎಲ್ಲವೂ ಜಾವಾದಲ್ಲಿ.

ಆ ಕಂಪನಿಯ ಯಜಮಾನರ ಕೋಣೆಯ ಬಾಗಿಲಿಗೆ ಒಂದು ಪೊರಕೆ ಒರಗಿಸಿಟ್ಟಿರುತ್ತಿತ್ತು. ಪ್ರೋಗ್ರಾಂ ಏನನ್ನು ಹಿಡಿಯುತ್ತದೋ ಅದನ್ನು ಕೆಲಸ ಮುಗಿದ ಮೇಲೆ ಬಿಡಲೇಬೇಕು ಎನ್ನುವುದು ಅವರ ಒಂದೇ ಮಂತ್ರ. ಯಾರ ಕೋಡ್ ಹಿಡಿದದ್ದನ್ನು ಬಿಡದೆ ಕೂತಿತೋ ಅವರ ಕುರ್ಚಿಯ ಮೇಲೆ ಬೆಳಿಗ್ಗೆ ಪೊರಕೆ ಬಂದು ಕೂರುತ್ತಿತ್ತು. ಅದನ್ನು ತೆಗೆಯುವಂತಿಲ್ಲ, ದಿನವಿಡೀ ನಿಂತೇ ಕೆಲಸ ಮಾಡಿ, ಸಂಜೆ ಎಲ್ಲರ ಎದುರು ಆ ಮಹಡಿಯನ್ನು ಗುಡಿಸಬೇಕು. ಸುತ್ತ ನಿಂತವರು ಚಪ್ಪಾಳೆ ತಟ್ಟಬೇಕು. "ಸುಮ್ನೆ ತಮಾಷೆಗೆ ಕಣ್ರೀ" ಎನ್ನುತ್ತಿದ್ದರು ಯಜಮಾನರು. ಆ ತಮಾಷೆಗೆ ಸಿಕ್ಕವರಲ್ಲಿ ಕೆಲವರು ಮರುದಿನ ಕೆಲಸಕ್ಕೆ ಬಂದಿರಲಿಲ್ಲ. ಚಪ್ಪಾಳೆ ತಟ್ಟಿದವರೆಲ್ಲ ಬಂದಿದ್ದರು.

ಈಗ ಚಿಕ್ಕಳಿಯ ಬರೆದದ್ದೇನು ಎಂದು ಹೇಳಲೇಬೇಕು, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಕ್ತನಿಧಿಯ ಗುಮಾಸ್ತ ಕಂಪ್ಯೂಟರಿನ ಮುಂದೆ ಕೂತು ರೋಗಿಯ ಹೆಸರು ತುಂಬುತ್ತಾನೆ, ರಕ್ತದ ಗುಂಪು ತುಂಬುತ್ತಾನೆ, ಇಂಥ ಚೀಲ ಬೇಕು ಎಂದು ಆರಿಸುತ್ತಾನೆ. ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಅದು ಮುಗಿಯುವವರೆಗೆ ಅವನು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳಲು ಸರ್ವರಿನೊಳಗೆ ಅವನಿಗೆಂದೇ ಒಂದು ಆಳು ಹುಟ್ಟುತ್ತದೆ. ಜಾವಾದವರು ಅದಕ್ಕೆ ಬೀನ್ ಎನ್ನುತ್ತಾರೆ. ಆರಿಸಿದ ಚೀಲ ಬೇರೆಯವರ ಪಾಲಾಗದಂತೆ ಬೀನ್ ಅದನ್ನು ಎತ್ತಿಡುತ್ತದೆ. ಗುಮಾಸ್ತ ಅರ್ಧಕ್ಕೇ ಎದ್ದುಹೋಗಿ ಗಡುವು ಮೀರಿದರೆ ಸರ್ವರ್ ಆ ಬೀನನ್ನು ಅಳಿಸುತ್ತದೆ. ಅಳಿಸುವ ಮೊದಲು, ಹಿಡಿದದ್ದನ್ನು ಬಿಟ್ಟುಹೋಗು ಎಂದು ಒಂದು ಕೂಗು ಹಾಕುತ್ತದೆ. ಚಿಕ್ಕಳಿಯ ಆ ಕೂಗಿಗೆ ಓಗೊಟ್ಟು ಚೀಲ ಬಿಡುವಂತೆ ಅಚ್ಚುಕಟ್ಟಾಗಿ ಬರೆದಿದ್ದ.

ತಪ್ಪಿದ್ದು ಬೇರೆ ಕಡೆ. ಗುಮಾಸ್ತ ಬಹಳ ಹೊತ್ತು ಸುಮ್ಮನಿದ್ದರೆ ಸರ್ವರ್ ಜಾಗ ಉಳಿಸಲು ಬೀನನ್ನು ಮಡಚಿ ಡಿಸ್ಕಿನಲ್ಲಿ ಮಲಗಿಸುತ್ತದೆ. ಅವನು ಮರಳಿ ಬಂದರೆ ಎಬ್ಬಿಸುತ್ತದೆ. ಬರದೇ ಗಡುವು ಮೀರಿತೋ, ಮಲಗಿದ್ದಲ್ಲೇ ಅಳಿಸಿಬಿಡುತ್ತದೆ. ಎಬ್ಬಿಸುವುದೂ ಇಲ್ಲ, ಕೂಗುವುದೂ ಇಲ್ಲ. ಬೀನ್ ಹೋಗುತ್ತದೆ, ಅದು ಎತ್ತಿಟ್ಟ ಚೀಲ ಮಾತ್ರ ಎತ್ತಿಟ್ಟ ಹಾಗೇ ಉಳಿಯುತ್ತದೆ.

ದೊಡ್ಡಳಿಯ ಇದನ್ನು ಮೊದಲ ಓದಿಗೇ ಕಂಡ. ಕಾಣದೇ ಏನು, ಹಿಂದಿನ ಕಂಪನಿಯಲ್ಲಿ ನಾಟಕದ ಸೀಟು ಕಾಯ್ದಿರಿಸುವ ಪ್ರೋಗ್ರಾಂ ಬರೆದು ಇದೇ ಗುಂಡಿಗೆ ತಾನೇ ಬಿದ್ದಿದ್ದ. ಅರ್ಧ ಸಭಾಂಗಣ ಖಾಲಿಯಿದ್ದರೂ ಟಿಕೆಟ್ ಮುಗಿದಿದೆ ಎಂದು ತೋರಿಸಿ ಬೈಸಿಕೊಂಡಿದ್ದ. ಚಿಕ್ಕಳಿಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಉಗುರು ಕಚ್ಚುತ್ತ ಅವನ ಮುಖವನ್ನೇ ನೋಡುತ್ತಿದ್ದ.

"ಏನಾದ್ರೂ ಬಿಟ್ಟಿದೀನಾ ಅಣ್ಣ?" ಎಂದು ಕೇಳಿದ.

ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ದೊಡ್ಡಳಿಯನ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವನಿಗೆ ಆ ಕುರ್ಚಿಯ ಮೇಲೆ ಪೊರಕೆ ಕಂಡಿತು, ಮಹಡಿ ಗುಡಿಸುವ ಚಿಕ್ಕಳಿಯ ಕಂಡ. ಆ ಸುದ್ದಿಯನ್ನು ಊಟದ ಹೊತ್ತಿಗೆ ಮಾವನ ಕಿವಿಗೆ ತಾನು ಹೇಗೆ ಹಾಕಬಹುದು, ಎಷ್ಟು ಮರುಕದಿಂದ ಹಾಕಬಹುದು ಎನ್ನುವುದೂ ಕಂಡಿತು.

"ಏನೂ ಇಲ್ಲ, ಚೆನ್ನಾಗಿದೆ. ಕಳಿಸ್ಬಿಡು" ಎಂದ.

ಚಿಕ್ಕಳಿಯ ಆ ಸಂಜೆ ಮನೆಗೆ ಕುಣಿದುಕೊಂಡು ಬಂದ. "ಅಣ್ಣ ಒಂದ್ ತಪ್ಪೂ ಹುಡುಕ್ಲಿಲ್ಲ ಕಣೇ! ಅಣ್ಣ!" ಎಂದು ಹೆಂಡತಿಗೆ ಹೇಳಿದ. ಅವಳು ಆಗ ಆರು ತಿಂಗಳ ಬಸುರಿ. ಅವಳದ್ದು ಹುಡುಕಿದರೂ ಸಿಗದ ನೆಗೆಟಿವ್ ಗುಂಪು. ಹೆರಿಗೆ ಹೊತ್ತಿಗೆ ರಕ್ತ ಸಿದ್ಧವಿರಲಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ದೊಡ್ಡಳಿಯನಿಗೂ. ಆದರೆ ಅವನು ಲೆಕ್ಕ ಹಾಕಿದ್ದೇ ಬೇರೆ. ಸಾಫ್ಟ್‌ವೇರ್ ಅವಳನ್ನು ತೋರಿಸುತ್ತಿದ್ದ ಆಸ್ಪತ್ರೆಗೇ ಹೋಗುತ್ತದೆ, ಒಂದು ವಾರದಲ್ಲಿ ದೂರು ಬರುತ್ತದೆ, ಪೊರಕೆ ಬರುತ್ತದೆ, ತಾನು ತಪ್ಪು ತೋರಿಸಿ ತಿದ್ದಿಸುತ್ತೇನೆ. ಹೆರಿಗೆಯ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ. ಯಾರಿಗೂ ಏನೂ ಆಗುವುದಿಲ್ಲ, ಒಬ್ಬನ ಮುಖ ಸಪ್ಪಗಾಗುತ್ತದೆ ಅಷ್ಟೆ.

ದೂರು ಬರಲಿಲ್ಲ. ಯಾಕೆ ಬರಬೇಕು? ಎಲ್ಲೆಲ್ಲೂ ಸಿಗುವ ಗುಂಪಿನ ರಕ್ತವನ್ನು ಗುಮಾಸ್ತ ಕೂತ ಕಡೆಯೇ ಆರಿಸಿ ಮುಗಿಸುತ್ತಿದ್ದ. ಅಲ್ಲಿ ಬೀನ್ ಮಲಗುವ ಪ್ರಶ್ನೆಯೇ ಇರಲಿಲ್ಲ. ಅಪರೂಪದ ಗುಂಪಾದರೆ ಅರ್ಧಕ್ಕೆ ಎದ್ದು ಡಾಕ್ಟರನ್ನು ಹುಡುಕುತ್ತಿದ್ದ, ನಿಜಕ್ಕೂ ಬೇಕೇ ಎಂದು ವಾರ್ಡಿಗೆ ಹೋಗಿ ವಿಚಾರಿಸುತ್ತಿದ್ದ, ಅಲ್ಲಿಂದ ಊಟಕ್ಕೆ ಹೋಗುತ್ತಿದ್ದ. ಬೀನ್ ಮಲಗುತ್ತಿತ್ತು, ಸಾಯುತ್ತಿತ್ತು, ಚೀಲ ಯಾರಿಗೂ ಇಲ್ಲದೆ ಉಳಿಯುತ್ತಿತ್ತು. ಇಲ್ಲ ಎಂದು ತೆರೆ ತೋರಿಸಿದರೆ ಎಲ್ಲರೂ ಇಲ್ಲವೇನೋ ಎಂದುಕೊಂಡರು. ನೆಗೆಟಿವ್ ಯಾವತ್ತು ಕೈಗೆ ಸಿಕ್ಕಿದೆ? ಎತ್ತಿಟ್ಟ ಚೀಲಗಳು ಅವಧಿ ಮೀರಿ ಕಸಕ್ಕೆ ಹೋದವು, ಹೊಸವು ಬಂದವು, ಅವೂ ಸಿಕ್ಕಿಬಿದ್ದವು.

ಆಸ್ಪತ್ರೆಗೆ ಹೋಗಿ ಬರುತ್ತಿದ್ದ ಸಹೋದ್ಯೋಗಿಯೊಬ್ಬಳು ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ, "ಪಾಪ, ಯಾರೋ ಒಬ್ರು ಮುದುಕ್ರನ್ನ ರಕ್ತ ಇಲ್ಲ ಅಂತ ಬೇರೆ ಕಡೆ ಕಳಿಸಿದ್ರಂತೆ. ದಾರೀಲೇ ಹೋಗ್ಬಿಟ್ರಂತೆ" ಎಂದಳು. ದೊಡ್ಡಳಿಯನಿಗೆ ಆ ಗುಂಪು ಯಾವುದೆಂದು ಕೇಳುವ ಅಗತ್ಯ ಬೀಳಲಿಲ್ಲ. ಅವನು ಕೈತೊಳೆದು ಬಂದು, ತನ್ನ ಡಬ್ಬಿ ತೆರೆದು, ಪೂರ್ತಿ ಊಟ ಮಾಡಿದ.

ಅಷ್ಟು ಹೊತ್ತಿಗೆ ಆ ಗುಟ್ಟು ಬಾಯಿಗೆ ಬಿದ್ದ ಬಿಸಿ ತುಪ್ಪವಾಗಿತ್ತು. ಈಗ ಹೇಳಿದರೆ, ಓದಿ ಒಪ್ಪಿದವನು ನೀನಲ್ಲವೇ, ಆಗ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ದಿನ ಕಳೆದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತಿತ್ತು. ಒಳ್ಳೆಯವನಿಗೆ ಇಷ್ಟರಲ್ಲಿ ನಿದ್ದೆ ಹಾರಿಹೋಗಬೇಕಿತ್ತು. ಅವನು ಗೊರಕೆ ಹೊಡೆಯುತ್ತಿದ್ದ. ಬೇಕಿದ್ದರೆ ಅವನ ಹೆಂಡತಿಯನ್ನು ಕೇಳಿ.

ನೋವು ದಿನ ತುಂಬುವ ಮೊದಲೇ ಶುರುವಾಯಿತು. ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದರು, ಊಟದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿರುವಾಗಲೇ ನರ್ಸ್ ಓಡಿಬಂದಳು. ತಾಯಿಯ ರಕ್ತಸ್ರಾವ ನಿಲ್ಲುತ್ತಿಲ್ಲ, ತಕ್ಷಣ ರಕ್ತ ಬೇಕು.

ರಕ್ತನಿಧಿ ಅದೇ ಕಟ್ಟಡದ ಕೆಳಮಹಡಿಯಲ್ಲಿತ್ತು. ಗಾಜಿನ ಬಾಗಿಲಿನ ಫ್ರಿಜ್ಜಿನೊಳಗೆ ಆ ಗುಂಪಿನ ಚೀಲಗಳು ಸಾಲಾಗಿ ಮಲಗಿದ್ದವು. ಅದರ ಮುಂದೆ ಕೂತಿದ್ದ ತಂತ್ರಜ್ಞ ಕಂಪ್ಯೂಟರ್ ನೋಡಿ ತಲೆಯಾಡಿಸಿದ.

"ಇವೆಲ್ಲ ಬೇರೆಯವ್ರಿಗೆ ಎತ್ತಿಟ್ಟಿರೋದು."

"ಯಾರಿಗೆ? ಹೆಸ್ರು ಹೇಳಿ ಸ್ವಾಮಿ, ನಾನೇ ಹೋಗಿ ಕೇಳ್ಕೊಂಡ್ ಬರ್ತೀನಿ" ಎಂದ ಚಿಕ್ಕಳಿಯ.

"ಹೆಸ್ರು ಬರ್ತಿಲ್ಲ. ಎತ್ತಿಟ್ಟಿದೆ ಅಂತಷ್ಟೇ ತೋರಿಸ್ತಿದೆ. ಕಂಪ್ಯೂಟರ್ ಬಿಡ್ದೆ ಚೀಟಿ ಬರಲ್ಲ. ಚೀಟಿ ಇಲ್ದಿರೋ ಚೀಲಾನ ಮೇಲೆ ಯಾರೂ ಮುಟ್ಟಲ್ಲ. ದೊಡ್ಡ ಡಾಕ್ಟ್ರು ಬೇಕಾದ್ರೆ ಹೇಳ್ಬಹುದು, ಅವ್ರು ಆಪರೇಷನ್‌ನಲ್ಲಿದಾರೆ."

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಕೈಗೂ ಬರಲಿಲ್ಲ. ಗಾಜಿನ ಆಚೆ ಕಾಣುತ್ತಿತ್ತು ಅಷ್ಟೆ. ಚಿಕ್ಕಳಿಯ ತನ್ನದೇ ಸಾಫ್ಟ್‌ವೇರಿನ ತೆರೆಯನ್ನು ಒಂದು ಕ್ಷಣ ಬೆಪ್ಪಾಗಿ ನೋಡಿದ. ಆಮೇಲೆ ದೊಡ್ಡಳಿಯನ ಕಡೆ ತಿರುಗಿದ. ಆಸ್ಪತ್ರೆಯ ಚಾಲ್ತಿ ದಾಖಲೆಯನ್ನು ಮುಟ್ಟುವ ಅಧಿಕಾರ ಆಫೀಸಿನಲ್ಲಿ ತಂಡದ ಮುಖ್ಯಸ್ಥನಿಗೆ ಮಾತ್ರ ಇತ್ತು.

"ಅಣ್ಣ, ಇದೇನೋ ಸಿಕ್ಕಾಕ್ಕೊಂಡಿದೆ. ನೀವೇ ಕೈಯಾರೆ ಬಿಡಿಸ್ಬಿಡಿ."

ದೊಡ್ಡಳಿಯ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಆ ಚೀಲಗಳಿಗೆ ಒಡೆಯರಿಲ್ಲ ಎಂದು ಭೂಮಿಯ ಮೇಲೆ ಅವನೊಬ್ಬನಿಗೆ ಗೊತ್ತಿತ್ತು.

"ಕಾರಣ ಗೊತ್ತಾಗ್ದೆ ಹೇಗೋ ಬಿಡಿಸೋದು?" ಎಂದ, ತಗ್ಗಿದ ದನಿಯಲ್ಲಿ. "ನಿಜವಾಗ್ಲೂ ಯಾರಿಗೋ ಎತ್ತಿಟ್ಟಿದ್ರೆ? ಇನ್ನೊಬ್ರ ಜೀವದ ಪ್ರಶ್ನೆ. ನಿನ್ನ ಕೋಡು, ಎಲ್ಲಿ ಕೈಕೊಟ್ಟಿದೆ ನೀನೇ ನೋಡು. ನೀನು ತೋರಿಸು, ನಾನು ಬಿಡಿಸ್ತೀನಿ."

ಈ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಯಜಮಾನರು ಕೇಳಿದ್ದರೆ ಭೇಷ್ ಎನ್ನುತ್ತಿದ್ದರು. ಚಿಕ್ಕಳಿಯನಿಗೂ ಅದು ಸರಿಯೆನಿಸಿತು, ಅದೇ ಅವನ ದುರದೃಷ್ಟ. ಅವನು ಹಜಾರದ ನೆಲದ ಮೇಲೆಯೇ ಕೂತು ಲ್ಯಾಪ್‌ಟಾಪ್ ತೆರೆದು, ಸರ್ವರ್ ಬರೆದಿಟ್ಟ ವರದಿಯಲ್ಲಿ ಚೀಲ ಬಿಡುವ ಕೆಲಸ ಎಲ್ಲಿ ಮುಗ್ಗರಿಸಿದೆ ಎಂದು ಹುಡುಕತೊಡಗಿದ. ಎಲ್ಲಿಯೂ ಮುಗ್ಗರಿಸಿರಲಿಲ್ಲ. ನಡೆದ ಕೆಲಸ ಕೆಟ್ಟರೆ ಗುರುತು ಉಳಿಯುತ್ತದೆ. ಕರೆಯೇ ಬಾರದ ಕೆಲಸಕ್ಕೆ ಗುರುತೆಲ್ಲಿಂದ ಬರಬೇಕು? ಅವನ ಬೆರಳು ಒದ್ದೆಯಾಗಿ ಕೀಲಿಗಳ ಮೇಲೆ ಜಾರುತ್ತಿತ್ತು. ಮೆಟ್ಟಿಲ ಮೇಲಿಂದ ನರ್ಸ್ ಬಗ್ಗಿ, "ರಕ್ತ ಎಲ್ರೀ?" ಎಂದು ಕೂಗಿದಳು. ಮತ್ತೆ ಕೂಗಿದಳು. ಮಾವ ಗೋಡೆಗೆ ಒರಗಿ, ಫ್ರಿಜ್ಜನ್ನೇ ನೋಡುತ್ತ ತುಟಿ ಅಲುಗಿಸುತ್ತಿದ್ದರು.

ದೊಡ್ಡಳಿಯ ಅವನ ಪಕ್ಕದಲ್ಲಿ ಕೂತು ತಾನೂ ಹುಡುಕುವಂತೆ ಬಗ್ಗಿ ನೋಡುತ್ತಿದ್ದ. ನಾದಿನಿ ಸಾಯಲಿ ಎಂದು ಅವನ ಮನಸ್ಸಿನಲ್ಲಿ ಇರಲಿಲ್ಲ. ಅಷ್ಟು ಧೈರ್ಯದ ಮನುಷ್ಯನಲ್ಲ ಅವನು. ಅವನು ಕಾಯುತ್ತಿದ್ದದ್ದು ಒಂದು ಮಾತಿಗೆ. ಕೊನೆಗೆ ಆ ಮಾತು ಬಂತು. ಚಿಕ್ಕಳಿಯ ಲ್ಯಾಪ್‌ಟಾಪನ್ನು ಬದಿಗೆ ತಳ್ಳಿ, ಮಾವನ ಎದುರಿಗೇ, ದೊಡ್ಡಳಿಯನ ಎರಡೂ ಕಾಲು ಹಿಡಿದುಕೊಂಡ.

"ನನ್ ಕೈಲಾಗ್ತಿಲ್ಲ ಅಣ್ಣ. ನನಗೇನೂ ಗೊತ್ತಿಲ್ಲ, ನಾನು ದಡ್ಡ. ನೀವೇ ನೋಡಿ, ನಿಮ್ ದಮ್ಮಯ್ಯ."

ದೊಡ್ಡಳಿಯ ಆಗ ತನ್ನ ಲ್ಯಾಪ್‌ಟಾಪ್ ತೆರೆದ. ಹಣೆ ಉಜ್ಜಿಕೊಂಡ. "ತಡಿ, ತಡಿ, ಬೀನ್ ಮಲಗಿದ್ದಾಗ್ಲೇ ಗಡುವು ಮೀರಿದ್ರೆ?" ಎಂದು ಈಗಷ್ಟೇ ಹೊಳೆದವನಂತೆ ಗಟ್ಟಿಯಾಗಿ ಹೇಳಿಕೊಂಡ. ನಾಲ್ಕಾರು ಸಾಲು ಬರೆದು, ಒಡೆಯರಿಲ್ಲದೆ ಸಿಕ್ಕಿಬಿದ್ದ ಚೀಲಗಳನ್ನೆಲ್ಲ ಬಿಡಿಸಿದ. ತಂತ್ರಜ್ಞನ ಮೇಜಿನ ಮೇಲೆ ಚೀಟಿಗಳು ಟರ್ರೆಂದು ಒಂದರ ಹಿಂದೊಂದು ಹೊರಬಂದವು.

ಅವಳು ಬದುಕಿದಳು. ಸಂಜೆ ಹೊರಗೆ ಬಂದ ಡಾಕ್ಟರು ಮುಖವಾಡ ಕಳಚಿ, "ಗರ್ಭಕೋಶ ತೆಗೀಲೇಬೇಕಾಯ್ತು. ರಕ್ತ ಸ್ವಲ್ಪ ಬೇಗ ಬಂದಿದ್ರೆ ಉಳಿಸ್ಬಹುದಿತ್ತು" ಎಂದು ಹೇಳಿ ಹೋದರು. ಚಿಕ್ಕಳಿಯ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಮಾವ ದೊಡ್ಡಳಿಯನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು, "ನೀವು ನಮ್ ಪಾಲಿನ ದೇವ್ರು" ಎಂದರು. ಬನ್ನಿ ಕೂತ್ಕೊಳ್ಳಿಯಿಂದ ದೇವರವರೆಗೆ ಬಂದಿದ್ದ. ದೇವರಿಗೆ ಯಾರೂ ಫ್ಯಾನು ನೋಡೋ ಎನ್ನುವುದಿಲ್ಲ. ಆದರೂ ಅಂದು ಅವನಿಗೆ ಅದು ಸಾಕಾಗಿತ್ತು, ಯಾಕೆಂದರೆ ಮಾವ ಚಿಕ್ಕಳಿಯನ ಕಡೆ ತಿರುಗಿಯೂ ನೋಡಿರಲಿಲ್ಲ.

ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಚಿಕ್ಕಳಿಯನ ಕುರ್ಚಿಯ ಮೇಲೆ ಪೊರಕೆ ಬಂತು. ಅವನು ದಿನವಿಡೀ ನಿಂತ. ಸಂಜೆ, ಯಾರೂ ಹೇಳುವ ಮೊದಲೇ ಗುಡಿಸಲು ಶುರುಮಾಡಿದ. ಮೇಜುಗಳ ಅಡಿಗೆಲ್ಲ ಬಗ್ಗಿ ಬಗ್ಗಿ ಗುಡಿಸಿದ. ಚಪ್ಪಾಳೆ ತಟ್ಟಲು ಕೈಯೆತ್ತಿದವರು ಅವನ ಮುಖ ನೋಡಿ ಕೈ ಇಳಿಸಿದರು. ಯಜಮಾನರು ಮಾತ್ರ ತಟ್ಟಿದರು.

"ಸರ್, ಈ ಸಲ ಕ್ಷಮಿಸ್ಬಿಡಿ, ಮನೆ ಹುಡುಗ" ಎಂದ ದೊಡ್ಡಳಿಯ, ಎಲ್ಲರಿಗೂ ಕೇಳುವಂತೆ.

"ನಿಮ್ ಒಳ್ಳೇತನ ಅದು. ಹೆಂಡ್ತಿ ರಕ್ತಾನೇ ಹಿಡ್ಕೊಂಡ್ ಕೂತ ಕೋಡು ಬರ್ದಿದಾನೆ, ಇವ್ನನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದರು ಯಜಮಾನರು. ಚಿಕ್ಕಳಿಯ ಪೊರಕೆಯನ್ನು ಅದರ ಜಾಗದಲ್ಲಿ ಒರಗಿಸಿ, ಕೆಲಸ ಬಿಟ್ಟು ಮನೆಗೆ ಬಂದ.

ಅವಳನ್ನು ಮನೆಗೆ ಕರೆತಂದ ಮೇಲೆ ಊಟದ ಮೇಜಿನ ಪಕ್ಕದಲ್ಲೇ ಮಂಚ ಹಾಕಿದರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ತಡೆಯಲಾರದೆ ಚಿಕ್ಕಳಿಯನಿಗೆ, "ನಿನ್ನಂಥೋನಿಗೆ ಮಗಳನ್ನ ಕೊಟ್ನಲ್ಲೋ" ಎಂದುಬಿಟ್ಟರು. ದೊಡ್ಡಳಿಯ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಗೆದ್ದವನು ಗೆದ್ದಂತೆಯೇ ಉಳಿಯುತ್ತಿದ್ದ. ಆದರೆ ಗೆದ್ದವನಿಗೆ ದೊಡ್ಡ ಮನಸ್ಸು ತೋರಿಸುವ ಚಪಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಬಿಡಿ ಮಾವ, ಪಾಪ, ಯಾರಿಗಾದ್ರೂ ಆಗೋ ತಪ್ಪು. ನಾನೂ ಇದೇ ಗುಂಡಿಗೆ ಬಿದ್ದಿದ್ದೆ, ಹಿಂದಿನ ಕಂಪ್ನೀಲಿ. ಥೇಟ್ ಇದೇ ತಪ್ಪು. ಅಲ್ಲಿ ನಾಟಕದ ಸೀಟು, ಇಲ್ಲಿ ರಕ್ತ, ಅಷ್ಟೇ ವ್ಯತ್ಯಾಸ. ಒಂದ್ಸಲ ಬಿದ್ದೋನು ಜನ್ಮದಲ್ಲಿ ಮರೆಯಲ್ಲ" ಎಂದ.

ಅತ್ತೆ ಎಂಥಾ ದೊಡ್ಡ ಗುಣ ಎಂದು ತಲೆದೂಗಿದರು. ಮಂಚದ ಮೇಲಿದ್ದವಳು ಮಗುವಿನ ಬೆನ್ನು ತಟ್ಟುತ್ತಿದ್ದ ಕೈಯನ್ನು ನಿಲ್ಲಿಸಿದಳು.

ಎಲ್ಲರೂ ಎದ್ದುಹೋದ ಮೇಲೆ ಅವಳು ದೊಡ್ಡಳಿಯನನ್ನು ಕರೆದಳು. ಅವನು ನೀರಿನ ಲೋಟ ಹಿಡಿದು ಬಂದ.

"ಭಾವ, ಒಂದ್ಸಲ ಬಿದ್ದೋನು ಮರೆಯಲ್ಲ ಅಂದ್ರಲ್ಲ."

"ಹೂಂ ಕಣಮ್ಮ."

"ಮತ್ತೆ ಇವ್ರು ಬರ್ದಿದ್ದನ್ನ ಓದಿ ಚೆನ್ನಾಗಿದೆ ಅಂದವ್ರು ನೀವೇ. ಅವತ್ತು ಮರ್ತಿದ್ರಾ?"

ದೊಡ್ಡಳಿಯ ಲೋಟದ ನೀರು ಕುಡಿದ. "ಕೆಲಸದ ಒತ್ತಡ..." ಎಂದ.

"ಫ್ರಿಜ್ ಮುಂದೆ ಇವ್ರು ನಿಮ್ ಕಾಲು ಹಿಡ್ಕೊಳ್ಳೋ ತನಕ ಕಾಯ್ದ್ರಂತೆ. ಇವ್ರೇ ಹೇಳಿದ್ರು, ಹೊಗಳಿಕೊಂಡು. ಅಣ್ಣ ಒಂದೇ ನಿಮಿಷದಲ್ಲಿ ಕಂಡುಹಿಡಿದ್ರು, ಎಂಥಾ ತಲೆ ಅಂತ." ಅವಳ ದನಿ ಏರಲೇ ಇಲ್ಲ. "ನನಗೆ ಇನ್ನೊಂದು ಮಗು ಆಗಲ್ಲ ಭಾವ."

ಅವನು ಬಾಗಿಲ ಕಡೆ ನೋಡಿದ. ಆಮೇಲೆ ಅವನೊಳಗಿನ ನಿಜವಾದ ಮನುಷ್ಯ ಮಾತಾಡಿದ. "ಹೇಳು, ಎಲ್ರಿಗೂ ಹೇಳು. ನಿನ್ ಗಂಡ ಬರ್ದಿದ್ದು ತಪ್ಪಲ್ಲ ಅಂತ ಆಗುತ್ತಾ? ಅವ್ನಿಗೆ ಇನ್ನೊಂದ್ ಕೆಲಸ ಬೇಕಾದ್ರೆ ಎಲ್ರೂ ವಿಚಾರಿಸೋದು ನನ್ನನ್ನೇ, ನೆನಪಿರ್ಲಿ."

"ಗೊತ್ತು. ಅದಕ್ಕೇ ಈಗ ಹೇಳಲ್ಲ" ಎಂದಳು ಅವಳು. "ಹೇಳೇ ಹೇಳ್ತೀನಿ. ನಾಳೆ ಹೇಳ್ಬಹುದು, ನಿಮ್ ತಲೆಕೂದಲು ಬೆಳ್ಳಗಾದ ಮೇಲೂ ಹೇಳ್ಬಹುದು. ಮೊದ್ಲು ಅಪ್ಪಂಗೋ, ಅಕ್ಕಂಗೋ, ಇವ್ರಿಗೋ, ಅದೂ ಗೊತ್ತಿಲ್ಲ. ನೀವು ಈ ಮನೇಲೇ ಇರ್ಬೇಕು. ಎಲ್ಲಿಗಾದ್ರೂ ಹೊರಟ್ರೆ ಅವತ್ತೇ ಹೇಳ್ತೀನಿ."

ಅಂದಿನಿಂದ ದೊಡ್ಡಳಿಯನ ಗೊರಕೆ ನಿಂತಿತು. ಹೆಂಡತಿ ಏನಾದರೂ ಕೇಳಲು ಬಾಯಿ ತೆರೆದರೆ ಬೆವರುತ್ತಿದ್ದ. ಮಾವ ಕರೆದರೆ, ಯಾಕೆ ಕರೆದರು ಎಂದು ಮೊದಲು ಅವರ ಮುಖ ಓದುತ್ತಿದ್ದ. ಅವಳು ಮಾತ್ರ ಭಾವನಿಗೆ ಬಡಿಸು, ಭಾವನಿಗೆ ಬಿಸಿಯಿರುವಾಗಲೇ ಕೊಡು ಎಂದು ಅಮ್ಮನನ್ನು ಗದರುತ್ತಿದ್ದಳು.

ಅವಳು ಎದ್ದು ಓಡಾಡುವಂತಾಗಿ, ಎಲ್ಲರ ಜೊತೆ ಮೊದಲ ಸಲ ಊಟಕ್ಕೆ ಕೂತ ದಿನ, "ಅಪ್ಪಾ, ಒಂದು ವಿಷ್ಯ ಹೇಳ್ಬೇಕಿತ್ತು. ಭಾವನ ಬಗ್ಗೆ" ಎಂದಳು.

ದೊಡ್ಡಳಿಯನ ಕೈಯ ತುತ್ತು ತಟ್ಟೆಗೆ ಬಿತ್ತು. ಮಾವ ತಲೆಯೆತ್ತಿದರು. ಅವಳು ಭಾವನ ಮುಖವನ್ನೇ ನೋಡುತ್ತ, ಅವನ ತುಟಿಯ ಬಣ್ಣ ಹೋಗುವವರೆಗೆ ಕಾದಳು.

"ಮಗೂಗೆ ಹೆಸ್ರು ಭಾವನೇ ಇಡ್ಲಿ ಅಂತ. ನಾವಿಬ್ರೂ ಇವತ್ತು ಹೀಗಿರೋದು ಅವ್ರಿಂದ ತಾನೇ?"

ಅತ್ತೆ ಅಳತೊಡಗಿದರು. ಮಾವ ಕೂತಲ್ಲಿಂದಲೇ ಅಳಿಯನಿಗೆ ಕೈಮುಗಿದರು. ಚಿಕ್ಕಳಿಯ ಎಷ್ಟೋ ದಿನಗಳ ಮೇಲೆ ನಕ್ಕು, ಕೈತೊಳೆದು ಬಂದು, ಮಲಗಿದ್ದ ಮಗುವನ್ನು ಎತ್ತಿ ದೊಡ್ಡಳಿಯನ ತೊಡೆಯ ಮೇಲಿಟ್ಟ. ಅದು ಕಣ್ಣು ಬಿಟ್ಟು ಅವನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಎಲ್ಲರೂ ಹೆಸರಿಗಾಗಿ ಅವನ ಬಾಯಿ ನೋಡುತ್ತಿದ್ದರು. ಅವನಿಗೆ ಒಂದು ಹೆಸರೂ ನೆನಪಾಗಲಿಲ್ಲ.

"ಆತುರ ಇಲ್ಲ ಭಾವ, ನಿಧಾನವಾಗಿ ಯೋಚ್ನೆ ಮಾಡಿ" ಎಂದು ಅವಳು ಊಟ ಮುಂದುವರಿಸಿದಳು.